ಮಾಂತೇಶನದಲ್ಲದ ಫೋನು

ಗಿರಿಜಕ್ಕ, ಆ ಫೋನು ನನ್ನದು. ಮಾಂತೇಶನದಲ್ಲ.

ಹೇಳಬೇಕಾಗಿದ್ದದ್ದು ಇಷ್ಟೇ. ಒಂದು ಉಸಿರಿನ ಮಾತು. ಅದನ್ನು ಹೇಳಲು ನನಗೆ ಐದು ವರ್ಷ ಬೇಕಾಯಿತು. ಆ ಐದು ವರ್ಷಗಳಲ್ಲಿ ನಿಮ್ಮ ಒಡಹುಟ್ಟಿದ ತಮ್ಮ ನಿಮಗೆ ಪರಕೀಯನಾದ. ನಾನು ಮಾತ್ರ ಪ್ರತಿ ಯುಗಾದಿಗೂ ನಿಮ್ಮ ಮನೆಗೆ ಬಂದು, ನಿಮ್ಮ ಕೈಯಿಂದಲೇ ಹೋಳಿಗೆ ಬಡಿಸಿಕೊಂಡು ತಿಂದೆ. ಎರಡನೆಯದನ್ನೂ ಕೇಳಿ ಹಾಕಿಸಿಕೊಂಡೆ.

ನಿಮಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ. ಏಕೆಂದರೆ ನಿಮಗೆ ಗೊತ್ತಿರುವುದರಲ್ಲಿ ಅರ್ಧ ನಾನು ಕಟ್ಟಿದ ಸುಳ್ಳು.

ಮೈಸೂರಿನಿಂದ ಈ ದೇಶಕ್ಕೆ ಓದಲು ಬಂದ ವರ್ಷ ನನ್ನನ್ನು ಮನೆಯೊಳಗೆ ಕರೆದುಕೊಂಡವರು ನೀವು. ಥಾರ್ನ್‌ಕ್ಲಿಫ್ ಪಾರ್ಕಿನ ಆ ಒಂಬತ್ತನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ನನಗೆ, ಒಂದು ನಿಮಗೆ, ನಡುಮನೆಯ ಸೋಫಾ ನಿಮ್ಮ ತಮ್ಮನಿಗೆ. ಮಾಂತೇಶ ಆಗ ಗೋದಾಮಿನಲ್ಲಿ ಟ್ರಕ್ಕಿಗೆ ಸರಕು ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ಒಂದು ತಿಂಗಳು ಕೆಲಸ, ಒಂದು ತಿಂಗಳು ಮನೆ. ಕೈಯಲ್ಲಿ ನಾಲ್ಕು ಕಾಸು ಬಂದರೆ ದೊಡ್ಡ ಸ್ಪೀಕರು ತರುತ್ತಿದ್ದ. ನೀವು ಬೈದರೆ ಅದರಲ್ಲೇ ನಿಮಗೆ ಬೇಕಾದ ಭಜನೆ ಹಚ್ಚಿ ನಗಿಸುತ್ತಿದ್ದ. ನಾಗರ ಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಬೇಕಲ್ಲ — ಇವನು ಆ ದಿನ ಹೊಸ ಅಂಗಿ ತೊಟ್ಟು, ಬಾಗಿಲ ಹೊರಗೆ ಹೋಗಿ ನಿಂತು, ಬೆಲ್ ಒತ್ತಿ, “ಅಕ್ಕಾ, ಕರಿಲಿಕ್ಕೆ ಬಂದೀನಿ, ನಡಿ” ಅನ್ನುತ್ತಿದ್ದ. ನೀವಿಬ್ಬರೂ ಲಿಫ್ಟಿನಲ್ಲಿ ಕೆಳಗಿಳಿದು, ಪಾರ್ಕಿನಲ್ಲಿ ಒಂದು ಸುತ್ತು ಹಾಕಿ, ಮೇಲೆ ಬಂದು ಉಂಡಿ ತಿನ್ನುತ್ತಿದ್ದಿರಿ. ಹುಬ್ಬಳ್ಳಿ ಅಷ್ಟೇ ದೂರದಲ್ಲಿದ್ದ ಹಾಗೆ.

ಅಂಥವನ ಮೇಲೆ ನಾನು ನನ್ನ ತಪ್ಪು ಹೊರಿಸಿದೆ.

ಫೋನಿನ ಕತೆ. ಬಂದ ಮೊದಲ ಚಳಿಗಾಲ ಯಾವ ಕಂಪನಿಯೂ ನನಗೆ ಕಂತಿನ ಮೇಲೆ ಫೋನು ಕೊಡಲಿಲ್ಲ. ಈ ದೇಶದಲ್ಲಿ ನನಗೆ ಕ್ರೆಡಿಟ್ ಹಿಸ್ಟರಿ ಇಲ್ಲ, ಅಂದರೆ ಇಲ್ಲಿ ಕೊಟ್ಟು ತೀರಿಸಿದ ಚರಿತ್ರೆಯೇ ಇಲ್ಲ ಎಂದರು. ನಾನು ಅಂಗಡಿಯಲ್ಲಿ ಕಣ್ಣು ತುಂಬಿಕೊಂಡು ನಿಂತಿದ್ದೆ. ಕೈಚೀಲದಿಂದ ಲೈಸೆನ್ಸ್ ತೆಗೆದಿಟ್ಟವರು ನೀವು. “ನನ್ನ ಹೆಸರೀಲೆ ತಗೋ ತಂಗಿ. ಮಾಂತ್ಯಾಂದೂ ನನ್ನ ಹೆಸರೀಲೇ ಐತಿ. ಅದಕ್ಕೇನಾತು?”

ನಾನು ಆ ಮನೆ ಬಿಟ್ಟು ವಾನ್ ಊರಿಗೆ ಹೊರಟಾಗ ಕಂತು ಇನ್ನೂ ಕೆಲವು ತಿಂಗಳು ಬಾಕಿಯಿತ್ತು. ಫೋನಿನ ಗಾಜು ಒಡೆದಿತ್ತು. ಕೆಲಸ ಸಿಕ್ಕಿತ್ತು. ಆ ಹೊತ್ತಿಗೆ ನನ್ನದೇ ಹೆಸರಲ್ಲಿ ಹೊಸ ಫೋನು ಕೊಡಲು ಅಂಗಡಿಯವರು ಮುಂದೆ ಬಂದಿದ್ದರು. “ಹಳೇ ನಂಬರ್ ನಾನೇ ಕ್ಲೋಸ್ ಮಾಡಿಸ್ತೀನಿ ಅಕ್ಕ” ಎಂದೆ. ಮಾಡಿಸಲಿಲ್ಲ. ಮರೆತೆ ಎಂದು ಬರೆಯಲು ಕೈ ಹೋಗುತ್ತಿದೆ... ಇಲ್ಲ. ಮರೆಯಲಿಲ್ಲ. ಬಿಲ್ಲು ಬರುತ್ತಿದ್ದದ್ದು ನನ್ನ ಇಮೇಲಿಗೆ. ಮೊದಲು ನೆನಪೋಲೆ, ಆಮೇಲೆ ಎಚ್ಚರಿಕೆ, ಕೊನೆಗೆ — ಈ ಖಾತೆಯನ್ನು ವಸೂಲಿಯವರಿಗೆ ಒಪ್ಪಿಸುತ್ತಿದ್ದೇವೆ ಎಂಬ ಎರಡು ಸಾಲು. ಓದಿದೆ. ಮೇಲೆ ಯಾರ ಹೆಸರಿದೆ ಎಂದು ನೋಡಿದೆ. ನನ್ನ ಹೆಸರಿರಲಿಲ್ಲ. ಅದೇ ನನ್ನ ಧೈರ್ಯ. ಅಳಿಸಿ ಹಾಕಿ ಊಟಕ್ಕೆ ಎದ್ದೆ.

ಅಷ್ಟರಲ್ಲಿ ನೀವೂ ಮನೆ ಬದಲಿಸಿ ಒಶಾವಾಗೆ ಹೋಗಿದ್ದಿರಿ. ಅವರು ಕಾಗದ ಕಳಿಸಿದ್ದರೂ ಆ ಹಳೆಯ ಕಟ್ಟಡದ ಡಬ್ಬಿಯಲ್ಲೇ ಬಿದ್ದಿರುತ್ತದೆ.

ಆಮೇಲೆ ಕಾರಿನ ಕತೆ.

ವಾನ್‌ನಲ್ಲಿ ನನಗೆ ಸಿಕ್ಕಿದ್ದು ವಿಮೆ ಮಾಡಿಸಿಕೊಡುವ ಬ್ರೋಕರ್ ಆಫೀಸಿನ ಕೆಲಸ ಎಂದು ನಿಮಗೆ ಗೊತ್ತು. ಹಬ್ಬದಲ್ಲಿ ಎಲ್ಲರಿಗೂ ಹೇಳಿದ್ದವರೂ ನೀವೇ — “ಕಾರ್ ಇನ್ಶೂರೆನ್ಸ್ ಬೇಕಂದ್ರ ನಮ್ಮ ಸವಿತಾ ಅದಾಳ.” ವಯಸ್ಸಾದವರ ಮನೆಮನೆಗೆ ಹೋಗಿ ಸ್ನಾನ ಮಾಡಿಸುವ, ಉಣಿಸುವ ಕೆಲಸ ನಿಮ್ಮದು. ಬೆಳಿಗ್ಗೆ ಆರಕ್ಕೆ ಮೊದಲ ಮನೆಯಲ್ಲಿರಬೇಕು, ಆ ಹೊತ್ತಿಗೆ ಆ ಕಡೆ ಬಸ್ಸಿಲ್ಲ. ಅದಕ್ಕೇ ಹಳೆಯ ಬಿಳಿ ಕಾರು ಕೊಂಡಿರಿ. ನೇರ ನನ್ನ ಬಳಿಗೆ ಬಂದಿರಿ.

ಈಗ ಬರೆಯುವುದನ್ನು ಮೊನ್ನೆಯವರೆಗೂ ನಮ್ಮ ಆಫೀಸಿನ ಹೊರಗೆ ಯಾರಿಗೂ ಹೇಳಿರಲಿಲ್ಲ. ಈ ಪ್ರಾಂತ್ಯದಲ್ಲಿ ಕಾರಿನ ವಿಮೆಗೆ ಗಿರಾಕಿಯ ಕ್ರೆಡಿಟ್ ಫೈಲು, ಅಂದರೆ ಸಾಲ, ಬಿಲ್ಲು ತೀರಿಸಿದ ದಾಖಲೆ, ನೋಡುವ ಹಾಗಿಲ್ಲ. ಕಾನೂನೇ ಹಾಗಿದೆ. ಮನೆಯ ವಿಮೆಗಾದರೆ ಒಪ್ಪಿಗೆ ಪಡೆದು ನೋಡಬಹುದು. ನಮ್ಮ ಆಫೀಸು ಬದುಕುತ್ತಿದ್ದದ್ದು ಈ ಎರಡರ ನಡುವಿನ ಸಂದಿನಲ್ಲಿ. “ಬಾಡಿಗೆ ಮನೆಯ ಸಾಮಾನಿಗೂ ಸೇರಿಸಿ ವಿಮೆ ಮಾಡಿಸಿ, ರಿಯಾಯಿತಿ ಸಿಗುತ್ತದೆ” ಎನ್ನುತ್ತಿದ್ದೆವು. ಜನ ಒಪ್ಪಿ ಸಹಿ ಹಾಕುತ್ತಿದ್ದರು. ಫೈಲಿನ ಅಂಕಿ ತೆರೆಯ ಮೇಲೆ ಬರುತ್ತಿತ್ತು. ಅಂಕಿ ಕಡಿಮೆಯಿದ್ದರೆ ಕಾರಿಗೂ ಒಳ್ಳೆಯ ಕಂಪನಿಗಳ ಹೆಸರು ಎತ್ತುತ್ತಿರಲಿಲ್ಲ. “ಈಗ ಹೊಸಬರನ್ನು ತಗೊಳ್ತಿಲ್ಲ” ಎಂದು ಹೇಳಿ, ಯಾರಿಗೂ ಬೇಡವಾದ ಡ್ರೈವರುಗಳಿಗೆಂದೇ ಇರುವ ದುಬಾರಿ ಕಂಪನಿಯ ಕಡೆ ತಳ್ಳುತ್ತಿದ್ದೆವು. ಹೀಗೆ ಮಾಡಿ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ನನಗೆ ಕೆಲಸ ಕಲಿಸಿದ ಹೆಂಗಸು ತೆರೆಯ ಕಡೆ ಕಣ್ಣು ತೋರಿಸಿ ಹುಬ್ಬು ಹಾರಿಸಿದಳು. ನಾನು ಅಷ್ಟರಲ್ಲೇ ಕಲಿತೆ. ಬೇಗ ಕಲಿಯುವ ಹುಡುಗಿ ಎಂದು ಹೆಸರು ಬಂತು.

ನಿಮ್ಮ ಅಂಕಿ ಕಡಿಮೆ ಬಂತು, ಅಕ್ಕ. ಪ್ರತಿ ತಿಂಗಳು ಒಂದನೇ ತಾರೀಖಿಗೇ ಬಾಡಿಗೆ ಕೊಡುವ ನಿಮ್ಮದು! ನನಗೂ ಆಶ್ಚರ್ಯವಾಯಿತು. ಆದರೂ ಕೈ ಪಳಗಿತ್ತು. ಎಲ್ಲರಿಗೂ ಹೇಳುವುದನ್ನೇ ನಿಮಗೂ ಹೇಳಿದೆ, ಆ ದುಬಾರಿ ಕಂಪನಿಯ ಕಾಗದವನ್ನು ಮುಂದಿಟ್ಟೆ. ನಿಮ್ಮ ಮುಖ ನೋಡಲಾರದೆ ಒಂದಿಷ್ಟು ನಿಜವನ್ನೂ ಬಾಯಿ ಬಿಟ್ಟೆ — ನಿಮ್ಮ ಕ್ರೆಡಿಟ್ ಫೈಲು ಸರಿಯಿಲ್ಲ ಅಂತ ಕಾಣತ್ತೆ ಎಂದು.

ನೀವು ಕೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. “ಗಾಡಿ ಹೊಡಿಯೂದಕ್ಕೂ ಇದಕ್ಕೂ ಏನ ಸಂಬಂಧ ತಂಗಿ? ಇಷ್ಟ ವರ್ಷ ಮಂದಿ ಗಾಡಿ ಹೊಡದೀನಿ, ಯಾರಿಗೂ ಒಂದ ಗೀರು ಹಚ್ಚಿಲ್ಲ.”

ನಾನು ತರಬೇತಿಯಲ್ಲಿ ಕಲಿತದ್ದನ್ನು ಒಪ್ಪಿಸಿದೆ. ಬಿಲ್ಲುಗಳನ್ನು ಹೊತ್ತಿಗೆ ಸರಿಯಾಗಿ ಕಟ್ಟುವವರು ಎಲ್ಲದರಲ್ಲೂ ಜೋಪಾನದ ಜನ. ಕಾರನ್ನೂ ಜೋಪಾನವಾಗಿ ಓಡಿಸುತ್ತಾರೆ, ಅಪಘಾತ ಕಡಿಮೆ, ಪರಿಹಾರ ಕೇಳಿ ಬರುವುದೂ ಕಡಿಮೆ. ಕಂಪನಿಗಳ ಅನುಭವವೇ ಹಾಗೆ. ಅದಕ್ಕೆ ನೋಡುತ್ತಾರೆ.

ನೀವು “ಹಂಗಾರ ನಾ ಜ್ವಾಕಿ ಇಲ್ಲದಾಕಿ ಅಂತ ಆತು” ಎಂದಿರಿ.

ಆ ವರ್ಷ ನಾನು ಒಂದು ಅಂಗಡಿಯ ಪಾರ್ಕಿಂಗಿನಲ್ಲಿ ಹಿಂದೆ ತೆಗೆಯುವಾಗ ಇನ್ನೊಬ್ಬರ ಕಾರಿನ ಬಾಗಿಲು ಜಜ್ಜಿದ್ದೆ. ವಿಮೆಯವರಿಗೆ ತಿಳಿಸದೆ ಕೈಯಿಂದಲೇ ಕೊಟ್ಟು ಮುಗಿಸಿದ್ದೆ. ನನ್ನ ಫೈಲು ಒಗೆದ ಪಂಚೆಯಷ್ಟು ಬಿಳಿ. ಒಳ್ಳೆಯ ಕಂಪನಿಗಳು ನನ್ನ ಹೆಸರಿಗೆ ಕಾದು ನಿಂತಿದ್ದವು. ಜೋಪಾನದ ಹೆಂಗಸು ನಾನು. ಜೋಪಾನವಿಲ್ಲದಾಕೆ ನೀವು.

ಇಲ್ಲಿಯವರೆಗೆ ನಾನು ಮಾಡಿದ್ದು ಒಬ್ಬ ಗುಮಾಸ್ತೆಯ ತಪ್ಪು. ಮುಂದಿನದು ನನ್ನದೇ.

ಎರಡು ವಾರ ಬಿಟ್ಟು, ಭಾನುವಾರ ಮಧ್ಯಾಹ್ನ, ನೀವು ನಿಮ್ಮ ಫೈಲನ್ನೇ ತರಿಸಿಕೊಂಡು ನನ್ನ ಮನೆಗೆ ಬಂದಿರಿ. ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷು ನಿಮಗೆ ಬರುತ್ತಿತ್ತು, ಆದರೆ ಅಂಥ ಕಾಗದ ಓದುವ ಇಂಗ್ಲಿಷು ಬೇರೆ. “ಓದಿ ಹೇಳು ತಂಗಿ, ಏನ ತಪ್ಪ ಆಗೇತಿ ನೋಡೂಣು” ಎಂದಿರಿ. ನಾನು ಚಹಾ ಒಲೆಯ ಮೇಲಿಟ್ಟು ಬಂದು ಓದಿದೆ. ಎಲ್ಲ ಸರಿಯಿತ್ತು. ಮೂರನೆಯ ಪುಟದಲ್ಲಿ ಒಂದೇ ಒಂದು ಸಾಲು. ಫೋನ್ ಕಂಪನಿಯ ಹೆಸರು, ಖಾತೆ ತೆರೆದ ತಿಂಗಳು, ವಸೂಲಿಗೆ ಕೊಟ್ಟಿದೆ ಎಂಬ ಒಕ್ಕಣೆ. ಆ ತಿಂಗಳು — ನಾನು ಅಂಗಡಿಯಲ್ಲಿ ಕಣ್ಣು ತುಂಬಿಕೊಂಡು ನಿಂತ ತಿಂಗಳು.

ಒಲೆಯ ಮೇಲೆ ಚಹಾ ಉಕ್ಕಿತು. ನಾನು ಎದ್ದು ಹೋಗಿ ಒರೆಸಿದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದೆ. ಹಿಂದಿರುಗಿ ಬಂದಾಗ ನೀವೇ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಿರಿ, “ಫೋನಿಂದಾ? ಮಾಂತ್ಯಾಂದ ಇರಬೇಕೇನು?”

“ಇರಬಹುದು ಅಕ್ಕ” ಎಂದೆ.

ಇರಬಹುದು. ನಾನು ‘ಹೌದು’ ಎನ್ನಲಿಲ್ಲ, ನೋಡಿ. ಅದನ್ನೇ ಎಷ್ಟೋ ದಿನ ಹಿಡಿದುಕೊಂಡು ಕೂತಿದ್ದೆ — ನಾನೇನೂ ಅವನೇ ಎಂದು ಹೇಳಲಿಲ್ಲವಲ್ಲ... ಆ ಒಂದು ಮಾತಿನಲ್ಲಿ ನನ್ನ ಓದು, ನನ್ನ ಕೆಲಸ, ನನ್ನ ಮೈಸೂರಿನ ಸಂಭಾವಿತತನ ಎಲ್ಲ ಅಡಗಿ ಕೂತವು. ನಿಮ್ಮ ಮುಖ ಹೇಗಾಯಿತು ಎಂದರೆ, ನನ್ನ ಹೆಸರು ಹೇಳಿಬಿಡುವುದೇ ಸುಲಭವಿತ್ತೇನೋ. ಹೇಳಲಿಲ್ಲ. ಕಂಪನಿಗೆ ಬರೆದು ವಿಚಾರಿಸೋಣವೇ ಎಂದು ನೀವು ಕೇಳಿದ್ದಕ್ಕೂ, “ಏನೂ ಪ್ರಯೋಜನ ಇಲ್ಲ ಅಕ್ಕ, ಕೆಲವು ವರ್ಷಕ್ಕೆ ತಾನಾಗೇ ಅಳಿಸಿಹೋಗತ್ತೆ” ಎಂದೆ. ವಿಚಾರಿಸಿದ್ದರೆ ಅವರು ಇಮೇಲ್ ವಿಳಾಸ ಹೇಳಿಬಿಡುತ್ತಿದ್ದರು.

ಅಂದು ಸಂಜೆ ನೀವು ಮಾಂತೇಶನನ್ನು ಕೇಳಿದಿರಿ. ಅಡುಗೆಮನೆಯಲ್ಲಿ ನಡೆದದ್ದನ್ನು ನೀವೇ ಅಳುತ್ತ ನನಗೆ ಹೇಳಿದ್ದಿರಿ. ನಾ ಅಲ್ಲ ಅಕ್ಕಾ, ನನ್ನ ಫೋನಿಂದು ಎಲ್ಲಾ ಮುಗಿಸೀನಿ ಎಂದನಂತೆ ಅವನು. ನೀವು ನಂಬಲಿಲ್ಲ. ಅವನು ಮತ್ತೂ ಹೇಳಿದನಂತೆ: “ಸವಿತಾಂದೂ ನಿನ್ನ ಹೆಸರಿನ್ಯಾಗ ಇತ್ತಲ್ಲ? ಅಕೀನ್ನೂ ಕೇಳು.” ಆ ಮಾತಿಗೆ ನಿಮಗೆ ಇನ್ನಷ್ಟು ಸಿಟ್ಟು ಬಂತು. ಆದರೂ ನೀವು ನ್ಯಾಯದವರು, ನನಗೆ ಫೋನು ಮಾಡಿದಿರಿ. ಕೇಳುವುದಕ್ಕೇ ನಾಚಿಕೆಪಟ್ಟುಕೊಂಡು ಕೇಳಿದಿರಿ — “ತಪ್ಪ ತಿಳಕೋಬ್ಯಾಡ ತಂಗಿ, ನಿಂದು ಬಂದ್ ಮಾಡಿಸಿದ್ದಿ ಅಲ್ಲಾ?”

“ನಂದು ಆಗಲೇ ಕ್ಲೋಸ್ ಮಾಡಿಸಿದ್ದೆ ಅಕ್ಕ” ಎಂದೆ.

ಇದರಲ್ಲಿ ‘ಇರಬಹುದು’ ಇರಲಿಲ್ಲ. ಇದು ಪೂರ್ತಿ ಸುಳ್ಳು. ನಾನು ನಿಂತು ಹೇಳಿದ ಜಾಗವೂ ನೆನಪಿದೆ — ಕಿಟಕಿಯ ಪಕ್ಕ, ಹೊರಗೆ ಯಾರೋ ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದರು. ಫೋನು ಹಿಡಿದುಕೊಂಡೇ ನೀವು ಅವನತ್ತ ತಿರುಗಿ ಹೇಳಿದ್ದು ನನಗೂ ಕೇಳಿಸಿತು: “ಕೇಳಿದೇನು? ಕಲತಾಕಿ ಆಕಿ, ಸುಳ್ಳ್ಯಾಕ ಹೇಳ್ತಾಳ? ನಿನ್ನಂಗ ಅಲ್ಲ ಆಕಿ!”

ಮರು ತಿಂಗಳು ಮಾಂತೇಶ ದೂರದ ಆಲ್ಬರ್ಟಾ ಪ್ರಾಂತ್ಯಕ್ಕೆ ಹೋದ. ಅಲ್ಲಿ ಟ್ರಕ್ ಓಡಿಸುವ ಕೆಲಸ ಹಿಡಿದ. ಸ್ಪೀಕರು ನಿಮ್ಮ ಮನೆಯಲ್ಲೇ ಬಿಟ್ಟು ಹೋದ.

ಕಾರನ್ನು ನೀವು ಆ ವಿಮೆಯ ಭಾರದಲ್ಲಿ ಒಂದಷ್ಟು ಕಾಲ ಓಡಿಸಿ, ಆಮೇಲೆ ಮಾರಿಬಿಟ್ಟಿರಿ. ಬೆಳಗಿನ ಆರರ ಮನೆಗಳು ಕೈಬಿಟ್ಟುಹೋದವು. ನಿಮ್ಮ ಕೈಯಿಂದಲ್ಲದೆ ತುತ್ತು ನುಂಗದಿದ್ದ ಆ ಪೋರ್ಚುಗೀಸ್ ಅಜ್ಜಿಯ ಮನೆಗೆ ಬೇರೆಯವರನ್ನು ಹಾಕಿದರು. ಅಜ್ಜಿ ಎರಡು ದಿನ ಊಟ ಬಿಟ್ಟಳಂತೆ ಎಂದು ನೀವು ಹೇಳಿದಾಗ ನಾನು “ಅಯ್ಯೋ ಪಾಪ” ಎಂದೆ. ನಿಜವಾಗಿಯೂ ಪಾಪ ಅನ್ನಿಸಿತ್ತು. ಹಾಗೆ ಅನ್ನಿಸಿತಲ್ಲ, ಆದ್ದರಿಂದ ನಾನು ಕೆಟ್ಟವಳಲ್ಲ ಎಂದೂ ಅನ್ನಿಸಿತು.

ಆ ಬೇಸಿಗೆಯಲ್ಲಿ ಗುಟ್ಟಾಗಿ ಆ ಹಳೆಯ ಬಾಕಿಯನ್ನು ಕಟ್ಟಿದೆ. ನಿಮ್ಮ ಹೆಸರು ಹೇಳಿಕೊಂಡು, ನಿಮ್ಮ ಹುಟ್ಟಿದ ದಿನ ಹೇಳಿಕೊಂಡು, ಫೋನಿನಲ್ಲಿ ನೀವೇ ಆಗಿ. ಅದನ್ನು ಪ್ರಾಯಶ್ಚಿತ್ತ ಎಂದುಕೊಂಡೆ. ಆದರೆ ಕಟ್ಟಿದ ಮೇಲೂ ಆ ಸಾಲು ಫೈಲಿನಿಂದ ಹೋಗುವುದಿಲ್ಲ. ‘ತಡವಾಗಿ ತೀರಿದೆ’ ಎಂದು ಉಳಿಯುತ್ತದೆ. ಇದು ನನ್ನ ಕಸುಬು, ನನಗೆ ಮೊದಲೇ ಗೊತ್ತಿತ್ತು. ಕಟ್ಟಿದ್ದು ನಿಮಗಾಗಿ ಅಲ್ಲ, ಯಾವತ್ತಾದರೂ ಯಾರಾದರೂ ಕೆದಕಿದರೆ ಎಂಬ ಹೆದರಿಕೆಗೆ.

ನಮ್ಮ ಕನ್ನಡದವರ ಕೂಟಗಳಲ್ಲಿ ಮಾಂತೇಶನ ಮಾತು ಬರುತ್ತಿತ್ತು. ಅಕ್ಕನ ಹೆಸರು ಕೆಡಿಸಿ ಓಡಿಹೋದವನು ಎಂದು. ಒಮ್ಮೆ ಒಬ್ಬರು ನನ್ನ ಕಡೆ ತಿರುಗಿ, “ನೀವೇ ಅಲ್ವಾ ಕಂಡುಹಿಡಿದದ್ದು?” ಎಂದರು. ನಾನು ತಟ್ಟೆಯ ಕಡೆ ನೋಡುತ್ತ ತಲೆಯಾಡಿಸಿದೆ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳುತ್ತೀರಿ. ಹೋದ ತಿಂಗಳು ನೀವು ಫೋನು ಮಾಡಿದ್ದಿರಿ. ಮಾಂತೇಶನ ಮದುವೆಯಾಯಿತು ಎಂದು, ಅದು ನಿಮಗೆ ಹುಬ್ಬಳ್ಳಿಯ ಯಾರದೋ ವಾಟ್ಸಾಪ್ ಫೋಟೋದಿಂದ ತಿಳಿಯಿತು ಎಂದು. ಆರತಿ ಹಿಡಿಯಬೇಕಾದ ಅಕ್ಕನ ಜಾಗದಲ್ಲಿ ದೊಡ್ಡಪ್ಪನ ಮಗಳು ನಿಂತಿದ್ದಳಂತೆ. ನೀವು ಅಳಲಿಲ್ಲ. ಬಹಳ ಹೊತ್ತು ಆ ಹುಡುಗಿಯ ಸೀರೆಯ ಬಣ್ಣದ ಬಗ್ಗೆಯೇ ಮಾತಾಡಿದಿರಿ. ಆಮೇಲೆ ಕೇಳಿದಿರಿ: “ನಾ ಕೇಳಿದ್ದು ತಪ್ಪಾತೇನು ತಂಗಿ? ಅಂವ ಮಾಡಿದ್ದು ಖರೇ ಅಲ್ಲೇನು? ನೀನ ಓದಿ ಹೇಳಿದ್ದಿಲ್ಲ?”

ನಾನು ಮತ್ತೆ ಸುಳ್ಳು ಹೇಳಿದೆ, ಅಕ್ಕ. “ನಿಮ್ಮದೇನೂ ತಪ್ಪಿಲ್ಲ” ಎಂದೆ. ಸುಳ್ಳಲ್ಲವೇನೋ ಅದು — ನಿಮ್ಮದು ತಪ್ಪಿಲ್ಲ, ನಿಜ. ಆದರೆ ನಾನು ಹೇಳಿದ್ದು ಆ ಅರ್ಥದಲ್ಲಲ್ಲ.

ಅದಾದ ಮೇಲೆ ಅವನ ನಂಬರು ಹುಡುಕಿ ಫೋನು ಮಾಡಿದೆ. ಮೊದಲು ಅವನಿಗೆ ಹೇಳಿದರೆ, ಅವನೇ ನಿಮಗೆ ಹೇಳಿ, ನೀವಿಬ್ಬರೂ ಒಂದಾಗಿ, ನಾನು ಹಿಂದಿನ ಬಾಗಿಲಿನಿಂದ ಜಾರಿಕೊಳ್ಳಬಹುದು ಎಂಬ ಆಸೆಯಿತ್ತು. ಇದ್ದದ್ದನ್ನು ಇದ್ದಹಾಗೆ ಹೇಳುತ್ತಿದ್ದೇನೆ. ಅವನು ಪೂರ್ತಿ ಕೇಳಿಸಿಕೊಂಡ. ಎಲ್ಲೋ ಹೆದ್ದಾರಿ ಬದಿಯಲ್ಲಿ ಟ್ರಕ್ ನಿಲ್ಲಿಸಿಕೊಂಡಿದ್ದ, ಗಾಳಿಯ ಸದ್ದು ಬರುತ್ತಿತ್ತು.

“ನಿಮ್ದಂತ ನನಗ ಅವತ್ತ ಗೊತ್ತಿತ್ತ್ರಿ” ಎಂದ.

ಹೇಗೆ ಗೊತ್ತಿತ್ತು ಎಂದು ಕೇಳಿದೆ.

“ನನ್ನದಲ್ಲಂದ್ರ ನಿಮ್ದ. ಮತ್ಯಾರದ ಇರತದ?” ಎಂದ. “ಅದಕ್ಕಲ್ಲ ನಾ ಬಿಟ್ಟ ಬಂದದ್ದು. ನಾ ಅಲ್ಲ ಅಂತ ಅಕ್ಕಗ ಮೂರ ಸಲ ಹೇಳೀನ್ರಿ. ನೀವು ಒಂದ ಸಲ ಹೇಳಿದ್ರಿ. ಅಕ್ಕ ನಿಮ್ಮ ಮಾತ ಹಿಡದ್ಲು.”

ನಾನು ಅಕ್ಕನಿಗೆ ಎಲ್ಲ ಹೇಳುತ್ತೇನೆ ಎಂದೆ.

“ಹೇಳ್ರಿ. ಹೇಳಬ್ಯಾಡ್ರಿ. ಫೋನ್ ಯಾರದಂತ ಗೊತ್ತಾದ್ರ ಏನ ಬಂತು?” ಎಂದು ಇಟ್ಟುಬಿಟ್ಟ.

ಆದ್ದರಿಂದ ಇದು ನಿಮ್ಮ ತಮ್ಮನನ್ನು ನಿಮಗೆ ತಂದುಕೊಡುವ ಕಾಗದವಲ್ಲ. ಅಷ್ಟು ಶಕ್ತಿ ಇದಕ್ಕಿದ್ದ ಕಾಲ ಕಳೆದುಹೋಗಿದೆ, ಕಳೆದದ್ದು ನಾನೇ. ಅವನನ್ನು ನೋಯಿಸಿದ್ದು ಬಿಲ್ಲಲ್ಲ, ನಿಮ್ಮ ಅಪನಂಬಿಕೆ. ಆ ಅಪನಂಬಿಕೆಯನ್ನು ನಿಮ್ಮ ಕೈಗೆ ಕೊಟ್ಟವಳು ನಾನು. ಇಷ್ಟು ವರ್ಷ ಅದನ್ನು ಅವನ ತಪ್ಪೆಂದು ಹೊತ್ತಿರಿ. ಇನ್ನು ಮುಂದೆ ನಿಮ್ಮದೇ ತಪ್ಪೆಂದು ಹೊರುತ್ತೀರಿ. ನಿಜ ಹೇಳುವುದರಿಂದಲೂ ನಿಮಗೇ ನೋವು. ಹಾಗಾದರೆ ಸುಮ್ಮನಿರಬಹುದಲ್ಲ ಎಂದು ವಾರಗಟ್ಟಲೆ ಯೋಚಿಸಿದೆ. ಎಷ್ಟು ಸಲೀಸಾಗಿ ನಿಮ್ಮ ಮೇಲಿನ ಕನಿಕರದ ವೇಷ ಹಾಕಿಕೊಂಡು ನನ್ನ ಹೇಡಿತನ ಬರುತ್ತದೆ, ನೋಡಿ.

ನಿಮ್ಮ ಫೈಲಿನಲ್ಲಿ ಆ ಸಾಲು ಈಗ ಇಲ್ಲ. ಗಡುವು ಮುಗಿದು ಅಳಿಸಿಹೋಗಿದೆ. ಇವತ್ತು ನೀವು ಕಾರು ಕೊಂಡರೆ ಯಾವ ಕಂಪನಿಯ ಕಣ್ಣಿಗೂ ನೀವು ಜೋಪಾನದ ಹೆಂಗಸೇ. ಕಾಗದಕ್ಕೆ ಮರೆಯುವ ಕಾಯಿದೆಯಿದೆ.

ನಮ್ಮ ಆಫೀಸು ಮಾಡುತ್ತಿದ್ದದ್ದನ್ನು, ಅದರಲ್ಲಿ ನಾನು ಮಾಡಿದ್ದನ್ನು, ವಿಮೆಯವರ ಮೇಲ್ವಿಚಾರಣೆ ಮಾಡುವ ಸರ್ಕಾರಿ ಕಚೇರಿಗೆ ಬರೆದು ಕಳಿಸಿದ್ದೇನೆ. ಮೊದಲ ಹೆಸರು ನನ್ನದೇ. ನನ್ನ ಕೆಲಸ ಹೋಗುತ್ತದೆ. ಮುಂದಿನ ಕೂಟದಲ್ಲಿ, ಅಂದು ನಾನು ತಲೆಯಾಡಿಸಿದ ಜನರ ಎದುರು, ಫೋನು ಯಾರದೆಂದು ಹೇಳುತ್ತೇನೆ. ಅದು ಮಾಂತೇಶನಿಗೆ ಸಲ್ಲಬೇಕಾದ್ದು, ಅವನಿಗೆ ಬೇಕಿರಲಿ ಬಿಡಲಿ.

ಇದು ನಿಮ್ಮ ಕೈಸೇರಿದ ಮೇಲೆ, ಶನಿವಾರ, ನಿಮ್ಮ ಕೆಲಸ ಮುಗಿಯುವ ಹೊತ್ತಿಗೆ ಒಶಾವಾಗೆ ಬರುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ಹಿಂದಿರುಗಿ ಹೋಗುತ್ತೇನೆ. ತೆಗೆದರೆ ಹೊಸ್ತಿಲ ಹೊರಗೇ ನಿಂತು, ಇಲ್ಲಿ ಬರೆದದ್ದನ್ನು ಬಾಯಿಬಿಟ್ಟು ಹೇಳುತ್ತೇನೆ. ನೀವು ಬೈಯಬಹುದು. ಇನ್ನೆಂದೂ ಮುಖ ತೋರಿಸಬೇಡ ಎನ್ನಬಹುದು. “ಹೋಗಲಿ ಬಿಡು ತಂಗಿ” ಎಂದು ಮಾತ್ರ ಅನ್ನಬೇಡಿ. ನೀವು ಹಾಗೆ ಅನ್ನುವವರು — ನನಗೆ ಭಯವಿರುವುದು ಅದೊಂದಕ್ಕೇ.